ಮಾಂಟ್‌ಫೋರ್ಟ್ ಆಸ್ಪತ್ರೆ ಪ್ರಕರಣ

ಕೆನಡಾದ ಒಂಟಾರಿಯೊ ಪ್ರಾಂತ್ಯದ ಸರ್ಕಾರ ಖರ್ಚು ತಗ್ಗಿಸಲು ಸಾರ್ವಜನಿಕ ಆಸ್ಪತ್ರೆಗಳನ್ನು ಮುಚ್ಚಲು, ವಿಲೀನಗೊಳಿಸಲು ಹೊರಟಾಗ ಒಟ್ಟಾವಾದ ಫ್ರೆಂಚ್ ಭಾಷಿಕರ ಆಸ್ಪತ್ರೆಯೊಂದು ಜನರ ಹೋರಾಟದಿಂದಲೂ ನ್ಯಾಯಾಲಯದ ತೀರ್ಪಿನಿಂದಲೂ ಉಳಿದುಕೊಂಡ ಪ್ರಕರಣ (1997–2001). ಕಾನೂನು ವಲಯದಲ್ಲಿ ಇದು ‘ಲಲೋಂಡ್ ವಿರುದ್ಧ ಒಂಟಾರಿಯೊ’ ಎಂದು ಪ್ರಸಿದ್ಧ.

ಹಿನ್ನೆಲೆ

ಮಾಂಟ್‌ಫೋರ್ಟ್ ಆಸ್ಪತ್ರೆಯನ್ನು 1953ರಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರು ಆರಂಭಿಸಿದರು. 1995ರಲ್ಲಿ ಪ್ರಾಂತ್ಯದಲ್ಲಿ ಮೈಕ್ ಹ್ಯಾರಿಸ್ ನೇತೃತ್ವದ ಪಕ್ಷ ತೆರಿಗೆ ಇಳಿಸುವ, ಕೊರತೆ ಬಜೆಟ್ ಕೊನೆಗೊಳಿಸುವ ಭರವಸೆ ಕೊಟ್ಟು ಅಧಿಕಾರಕ್ಕೆ ಬಂತು. ಅದೇ ವರ್ಷದ ಬಜೆಟ್‌ನಲ್ಲಿ ಕೇಂದ್ರ ಸರ್ಕಾರವೂ ಪ್ರಾಂತ್ಯಗಳಿಗೆ ಕೊಡುವ ಅನುದಾನ ಕಡಿತವನ್ನು ಪ್ರಕಟಿಸಿತ್ತು. ಮರುವರ್ಷ ಉಳಿತಾಯ ಮತ್ತು ಪುನರ್ರಚನಾ ಕಾಯ್ದೆ ಬಂತು. ಅದರಡಿ ರಚನೆಯಾದ ಆರೋಗ್ಯ ಸೇವೆಗಳ ಪುನರ್ರಚನಾ ಆಯೋಗಕ್ಕೆ ಆಸ್ಪತ್ರೆಗಳನ್ನು ಮುಚ್ಚುವ ಆದೇಶ ಕೊಡುವ ಅಧಿಕಾರವೂ ಸಿಕ್ಕಿತು. ಅಧ್ಯಕ್ಷರು ಡಂಕನ್ ಸಿಂಕ್ಲೇರ್. ಬೆಳಿಗ್ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಸಂಜೆಗೆ ಮನೆಗೆ ಹೋಗುವಷ್ಟು ವೈದ್ಯಕೀಯ ಮುಂದುವರಿದಿದ್ದ ಕಾಲ ಅದು. ಹಾಸಿಗೆಗಳು ಕಡಿಮೆ ಸಾಕು ಎಂಬ ವಾದ ಪೂರ್ತಿ ಆಧಾರರಹಿತವಾಗಿರಲಿಲ್ಲ. ಆದರೆ ಹಾಸಿಗೆ ಲೆಕ್ಕಕ್ಕೆ ಸಿಗದ್ದೂ ಆಸ್ಪತ್ರೆಯಲ್ಲಿ ಇರುತ್ತದೆ ಎಂಬುದನ್ನು ಆಯೋಗ ತೂಗಿ ನೋಡಲಿಲ್ಲ.

ಹೋರಾಟ

ಮಾಂಟ್‌ಫೋರ್ಟನ್ನು ಮುಚ್ಚುವ ಪ್ರಸ್ತಾವ 1997ರ ಫೆಬ್ರವರಿಯಲ್ಲಿ ಹೊರಬಿತ್ತು. ವಾನ್ಯೇ ಪಟ್ಟಣದ ಮಾಜಿ ಮೇಯರ್ ಜಿಸೆಲ್ ಲಲೋಂಡ್ ‘ಎಸ್‌ಓಎಸ್ ಮಾಂಟ್‌ಫೋರ್ಟ್’ ಚಳವಳಿಯ ಮುಂದಾಳಾದರು. ಮಾರ್ಚ್ 22ರಂದು ಒಟ್ಟಾವಾದಲ್ಲಿ ಸುಮಾರು 10,000 ಜನ ಸೇರಿದರು. ಆಗಸ್ಟ್‌ನಲ್ಲಿ ಆಯೋಗ ಪೂರ್ತಿ ಮುಚ್ಚುವ ಮಾತು ಬಿಟ್ಟಿತಾದರೂ ಆಸ್ಪತ್ರೆಯ ಹೆಚ್ಚಿನ ಸೇವೆಗಳನ್ನು ಕಿತ್ತುಕೊಳ್ಳುವ ಆದೇಶ ಹೊರಡಿಸಿತು. ಹೆಸರು ಉಳಿದು ಆಸ್ಪತ್ರೆ ಹೋಗುವಂಥ ರಿಯಾಯಿತಿ ಅದು.

ತೀರ್ಪು

ಆದೇಶದ ವಿರುದ್ಧ ಲಲೋಂಡ್ ಮತ್ತಿತರರು ನ್ಯಾಯಾಲಯಕ್ಕೆ ಹೋದರು. 1999ರ ನವೆಂಬರ್‌ನಲ್ಲಿ ವಿಭಾಗೀಯ ನ್ಯಾಯಾಲಯ ಆಯೋಗದ ಆದೇಶಗಳನ್ನು ರದ್ದುಪಡಿಸಿತು. 2001ರ ಡಿಸೆಂಬರ್ 7ರಂದು ಒಂಟಾರಿಯೊ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇದರ ತರ್ಕವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಫ್ರೆಂಚ್ ಆಸ್ಪತ್ರೆ ಪಡೆಯುವ ಹಕ್ಕನ್ನು ಸಂವಿಧಾನ ಎಲ್ಲೂ ಅಕ್ಷರದಲ್ಲಿ ಬರೆದಿಲ್ಲ. ಹಕ್ಕುಗಳ ಸನ್ನದಿನ ಸಮಾನತೆಯ ವಿಧಿಯನ್ನು ಆಧರಿಸಿದ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಒಪ್ಪಿದ್ದು ಎರಡು ನೆಲೆಗಳನ್ನು. ಮೊದಲನೆಯದು, 1986ರ ಫ್ರೆಂಚ್ ಭಾಷಾ ಸೇವೆಗಳ ಕಾಯ್ದೆ. ಮಾಂಟ್‌ಫೋರ್ಟ್ ಅದರಡಿ ಹೆಸರಿಸಲಾದ ಸಂಸ್ಥೆ. ಅಂಥ ಸೇವೆಗೆ ಮಿತಿ ಹಾಕಬೇಕಾದರೆ ಅದು ‘ಸಮಂಜಸ ಮತ್ತು ಅಗತ್ಯ’ ಎಂದು ತೋರಿಸಬೇಕು. ಆಡಳಿತದ ಅನುಕೂಲ ಎಂದರಷ್ಟೇ ಸಾಲದು. ಎರಡನೆಯದು, ಅಲ್ಪಸಂಖ್ಯಾತರ ರಕ್ಷಣೆ ಎಂಬ ಅಲಿಖಿತ ಸಂವಿಧಾನ ತತ್ವ. ಕ್ವಿಬೆಕ್ ಪ್ರತ್ಯೇಕತೆಯ ಬಗ್ಗೆ 1998ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಅಭಿಪ್ರಾಯದಲ್ಲಿ ಈ ತತ್ವ ಸ್ಪಷ್ಟವಾಗಿ ನಿರೂಪಿತವಾಗಿತ್ತು. ವಿವೇಚನೆಯ ಅಧಿಕಾರವಿದ್ದರೂ ಆಯೋಗ ಅದನ್ನು ಈ ತತ್ವಕ್ಕೆ ಬೆಲೆ ಕೊಟ್ಟೇ ಚಲಾಯಿಸಬೇಕಿತ್ತು ಎಂದಿತು ನ್ಯಾಯಾಲಯ.

ದ್ವಿಭಾಷಾ ಆಸ್ಪತ್ರೆಯೊಂದು ಊರಲ್ಲೇ ಇದೆಯಲ್ಲ ಎಂಬ ವಾದ ನಿಲ್ಲಲಿಲ್ಲ. ಎರಡು ಭಾಷೆಗಳ ಸಂಸ್ಥೆಯಲ್ಲಿ ದೊಡ್ಡ ಭಾಷೆ ಚಿಕ್ಕದನ್ನು ಮೆಲ್ಲಗೆ ನುಂಗುತ್ತದೆ. ಒಂಟಾರಿಯೊದಲ್ಲಿ ಪೂರ್ಣಾವಧಿ ಫ್ರೆಂಚ್‌ನಲ್ಲಿ ನಡೆಯುತ್ತ, ವೈದ್ಯರನ್ನೂ ಅದೇ ಭಾಷೆಯಲ್ಲಿ ತರಬೇತುಗೊಳಿಸುತ್ತಿದ್ದ ಆಸ್ಪತ್ರೆ ಇದೊಂದೇ. ಅದು ಹೋದರೆ ಫ್ರೆಂಚ್‌ನಲ್ಲಿ ರೋಗಿಯ ನೋವು ಕೇಳಬಲ್ಲ ಮುಂದಿನ ಪೀಳಿಗೆಯ ವೈದ್ಯರು ಎಲ್ಲಿಂದ ಬರಬೇಕು?

ಪರಿಣಾಮ

ಉಳಿದ ಆಸ್ಪತ್ರೆಗಳಿಗೆ ಈ ರಕ್ಷೆ ಇರಲಿಲ್ಲ. ಒಟ್ಟಾವಾದಲ್ಲೇ ಸಿವಿಕ್, ಜನರಲ್ ಮತ್ತು ರಿವರ್‌ಸೈಡ್ ಆಸ್ಪತ್ರೆಗಳು 1998ರಲ್ಲಿ ಒಂದಾದವು. ಗ್ರೇಸ್ ಆಸ್ಪತ್ರೆ 1999ರಲ್ಲಿ ಮುಚ್ಚಿತು. ಆದ್ದರಿಂದ ಈ ತೀರ್ಪನ್ನು ಆಸ್ಪತ್ರೆ ಮುಚ್ಚುವುದರ ವಿರುದ್ಧದ ತೀರ್ಪು ಎಂದು ಓದುವುದು ತಪ್ಪಾದೀತು; ಇದು ಭಾಷಾ ಸಮುದಾಯವೊಂದರ ಸಂಸ್ಥೆಯನ್ನು ಕಾದ ತೀರ್ಪು. ಪ್ರಾಂತ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಲಿಲ್ಲ. ಮಾಂಟ್‌ಫೋರ್ಟ್ ವಿಸ್ತರಣೆಗೊಂಡು ಇಂದಿಗೂ ಫ್ರೆಂಚ್‌ನಲ್ಲಿ ವೈದ್ಯರನ್ನು ತಯಾರುಮಾಡುತ್ತಿದೆ.