ಆಂಗ್ಲ ಯೋಧರ ಸಮಾಧಿಪ್ರತಿಮೆಗಳೂ ಜನಾಂಗನಿರ್ಣಯವೂ

ಇಂಗ್ಲೆಂಡ್ ದೇಶದ ಪ್ರಾಚೀನ ಇಗರ್ಜಿಗಳಲ್ಲಿ ಕ್ರಿ. ಶ. 13ನೆಯ ಶತಮಾನದಿಂದೀಚಿನ ಯೋಧರ ಸಮಾಧಿಪ್ರತಿಮೆಗಳು ಅನೇಕವಾಗಿ ಉಳಿದಿರುವುವು. ಲೋಹದ ಬಳೆಗಳಿಂದ ಹೆಣೆದ ಕವಚವನ್ನು ತೊಟ್ಟು, ಗುರಾಣಿಯನ್ನು ಧರಿಸಿ, ಅಂಗಾತ ಮಲಗಿರುವಂತೆ ಈ ವೀರರು ಕಂಡರಿಸಲ್ಪಟ್ಟಿರುವರು. ಇವುಗಳಲ್ಲಿ ಕೆಲವು ಕಪ್ಪಾಗಿ ತೋರುವುದರಿಂದ ಆ ಯೋಧರು ಆಫ್ರಿಕ ಖಂಡದ ಜನಾಂಗದವರೆಂದು ಊಹಿಸುವುದುಂಟು. ಇದಕ್ಕೆ ಪ್ರತಿಯಾಗಿ, ಅಂತಹ ಜನರು ಆ ಕಾಲದ ಇಂಗ್ಲೆಂಡಿನಲ್ಲಿ ಇರಲೇ ಇಲ್ಲವೆಂದು ವಾದಿಸುವುದೂ ಉಂಟು. ಈ ಎರಡು ಪಕ್ಷಗಳ ಬಲಾಬಲವನ್ನು ಇಲ್ಲಿ ವಿಚಾರಮಾಡೋಣ.

ಮೊದಲನೆಯ ಪಕ್ಷದಲ್ಲಿ ಪ್ರತಿಮೆಯ ಕಪ್ಪು ಹೇತು. ಯೋಧನ ವರ್ಣ ಸಾಧ್ಯ. ಈ ಹೇತುವು ವ್ಯಭಿಚಾರದೋಷದಿಂದ ಕೂಡಿದುದು. ಇಂಗ್ಲೆಂಡಿನ ದಕ್ಷಿಣದ ಡಾರ್ಸೆಟ್ ಸೀಮೆಯಲ್ಲಿ ಪರ್ಬೆಕ್ ಎಂಬ ಸುಣ್ಣದ ಕಲ್ಲು ದೊರೆಯುವುದು. ನಯಮಾಡಿದರೆ ಅದು ಅಮೃತಶಿಲೆಯಂತೆ ಹೊಳೆದು ಕಪ್ಪುಛಾಯೆಯನ್ನು ತಾಳುವುದು. 1216ರಲ್ಲಿ ಮೃತನಾದ ಜಾನ್ ದೊರೆಯ ಪ್ರತಿಮೆಯು ವೂಸ್ಟರಿನಲ್ಲಿ ಈ ಶಿಲೆಯಲ್ಲಿಯೇ ಇದೆ. ಆತನು ಆಫ್ರಿಕದವನೆಂದು ಯಾರೂ ಹೇಳಲಾರರು. ನಾಟಿಂಗ್‌ಹ್ಯಾಮ್, ಡಾರ್ಬಿ ಸೀಮೆಗಳ ಆಲಬ್ಯಾಸ್ಟರ್ ಎಂಬ ಶಿಲೆಯಾದರೋ ಬೆಳ್ಳಗಿರುವುದು. ಆದುದರಿಂದ ಪ್ರತಿಮೆಯ ಬಣ್ಣವು ಗಣಿಯ ಗುಣವೇ ಹೊರತು ಮನುಷ್ಯನ ಗುಣವಲ್ಲ.

ಇದಲ್ಲದೆ, ಇಂದು ನಾವು ಕಾಣುವ ಬಣ್ಣವು ಶಿಲ್ಪಿಯು ತೋರಿಸಬಯಸಿದ ಬಣ್ಣವೂ ಅಲ್ಲ. ಈ ಪ್ರತಿಮೆಗಳಿಗೆ ವರ್ಣಲೇಪನಮಾಡುವುದು ವಾಡಿಕೆಯಾಗಿದ್ದಿತು. ಸಾಲ್ಸ್‌ಬರಿಯಲ್ಲಿ 1226ರಲ್ಲಿ ಮಡಿದ ವಿಲಿಯಂ ಲಾಂಗೆಸ್ಪೇ ಎಂಬ ಪ್ರಭುವಿನ ಸಮಾಧಿಯಲ್ಲಿ ಬಣ್ಣದ ಮತ್ತು ಚಿನ್ನದ ಲೇಪದ ಕುರುಹುಗಳು ಈಗಲೂ ಉಳಿದಿವೆ. ಲೇಪವು ಉದುರಿದ ಮೇಲೆ ಉಳಿದುದು ಬರಿಯ ಕಲ್ಲು.

ಮುಖಲಕ್ಷಣವನ್ನಾದರೂ ನಂಬಬಹುದೇ ಎಂದರೆ, ಅದೂ ಸಾಲದು. ವಿಜೇತ ವಿಲಿಯಮನ ಹಿರಿಯ ಮಗನಾದ ರಾಬರ್ಟನು 1134ರಲ್ಲಿ ತೀರಿಕೊಂಡನು. ಗ್ಲಾಸ್ಟರಿನಲ್ಲಿರುವ ಆತನ ಓಕ್ ಮರದ ಪ್ರತಿಮೆಯು ಸುಮಾರು ನೂರು ವರ್ಷಗಳ ತರುವಾಯದ್ದು. ಅದನ್ನು ಕೆತ್ತಿದವನು ಆತನನ್ನು ಕಂಡಿರಲು ಸಾಧ್ಯವಿಲ್ಲ. ಶಿಲ್ಪಿಗಳು ತೋರಿಸುತ್ತಿದ್ದುದು ಪದವಿಯನ್ನು ಮತ್ತು ವಂಶದ ಲಾಂಛನವನ್ನು, ವ್ಯಕ್ತಿಯ ಮುಖವನ್ನಲ್ಲ.

ಹೆಸರಿನಿಂದಲೂ ಭ್ರಾಂತಿಯುಂಟಾಗುವುದು. 1376ರಲ್ಲಿ ಮೃತನಾದ ಎಡ್ವರ್ಡ್ ಯುವರಾಜನನ್ನು 'ಕಪ್ಪು ರಾಜಕುಮಾರ'ನೆಂದು ಕರೆಯುವರು. ಆದರೆ ಆತನ ಜೀವಿತಕಾಲದ ಬರಹಗಳಲ್ಲಿ ಈ ಹೆಸರಿಲ್ಲ. 16ನೆಯ ಶತಮಾನದ ಜಾನ್ ಲೆಲಂಡನ ಬರಹಗಳಲ್ಲಿ ಅದು ಕಾಣಬರುವುದು. ಕ್ಯಾಂಟರ್ಬರಿಯಲ್ಲಿ ಆತನ ಪ್ರತಿಮೆಯು ಚಿನ್ನದ ಲೇಪವುಳ್ಳ ತಾಮ್ರಮಿಶ್ರಲೋಹದ್ದು. ಪ್ರತಿಮೆಯಿಂದಲೇ ವರ್ಣವನ್ನು ನಿರ್ಣಯಿಸುವುದಾದರೆ ಆತನನ್ನು ಸುವರ್ಣವರ್ಣದವನೆನ್ನಬೇಕಾದೀತು.

ಹಾಗಾದರೆ ಎರಡನೆಯ ಪಕ್ಷವೇ ಗೆದ್ದಿತೇ? ಇಲ್ಲ. ಒಂದು ಹೇತುವು ದುಷ್ಟವಾದ ಮಾತ್ರಕ್ಕೆ ಅದರ ಸಾಧ್ಯದ ಅಭಾವವು ಸಿದ್ಧಿಸುವುದಿಲ್ಲ. ಸುಮಾರು 1241ರ ಡೂಮ್ಸ್‌ಡೇ ಸಂಗ್ರಹದ ಹಸ್ತಪ್ರತಿಯೊಂದರಲ್ಲಿ ಅಲಂಕೃತವಾದ ಆದ್ಯಕ್ಷರದೊಡನೆ ಕಪ್ಪು ಮೈಬಣ್ಣದ ಪುರುಷನ ಚಿತ್ರವಿದೆ. 7ನೆಯ ಮತ್ತು 8ನೆಯ ಹೆನ್ರಿಗಳ ಆಸ್ಥಾನದಲ್ಲಿ ಜಾನ್ ಬ್ಲಾಂಕ್ ಎಂಬ ಆಫ್ರಿಕ ಮೂಲದ ಕಹಳೆಗಾರನು ಸಂಬಳಕ್ಕಿದ್ದನು. 1511ರ ವೆಸ್ಟ್‌ಮಿನ್‌ಸ್ಟರ್ ಪಂದ್ಯದ ಚಿತ್ರಸುರುಳಿಯಲ್ಲಿ ಆತನ ರೂಪವು ಎರಡು ಕಡೆ ಬರೆಯಲ್ಪಟ್ಟಿದೆ. ಜರ್ಮನಿಯ ಮಾಗ್ಡೆಬರ್ಗಿನಲ್ಲಿ ಸುಮಾರು 1240-50ರ ಸಂತ ಮಾರಿಸನ ಪ್ರತಿಮೆಯಂತೂ ಇಲ್ಲಿ ವಿಶೇಷವಾಗಿ ಗಮನಾರ್ಹವಾದುದು. ಅದು ಕವಚಧಾರಿಯಾದ ಯೋಧನದು. ಅದರ ಮುಖಲಕ್ಷಣಗಳೂ ಬಣ್ಣವೂ ಆಫ್ರಿಕದವನನ್ನು ಸ್ಪಷ್ಟವಾಗಿ ತೋರಿಸುವುವು. ಇದು ಪುರಾಣಪುರುಷನ ಪ್ರತಿಮೆಯೇ ಹೊರತು ಸಮಾಧಿಯದಲ್ಲ. ಆದರೂ, ಶಿಲ್ಪಿಯು ಬಯಸಿದಾಗ ಈ ಭೇದವನ್ನು ಕಲ್ಲಿನ ಬಣ್ಣಕ್ಕೆ ಬಿಡದೆ ಉಳಿಯಿಂದಲೂ ಕುಂಚದಿಂದಲೂ ಕಾಣಿಸುತ್ತಿದ್ದನೆಂಬುದಕ್ಕೆ ಇದೇ ನಿದರ್ಶನ.

ಇತಿಹಾಸವನ್ನೆಲ್ಲ ಜನಾಂಗದ ರಕ್ತದಿಂದ ವಿವರಿಸುವ ಹಟವು 1850ರಲ್ಲಿ ಪ್ರಕಟವಾದ ರಾಬರ್ಟ್ ನಾಕ್ಸನ ಗ್ರಂಥದಂತಹವುಗಳಲ್ಲಿ ಪ್ರಬಲವಾಯಿತು. ಅದರ ಅನರ್ಥಗಳನ್ನು ಲೋಕವು ಕಂಡಿದೆ. ಅಂತಹ ಹಟವನ್ನು ಎದುರಿಸುವವರು ದುರ್ಬಲವಾದ ಹೇತುವನ್ನು ಹಿಡಿದರೆ ಪ್ರತಿವಾದಿಗೆ ಆಯುಧವನ್ನು ಕೊಟ್ಟಂತಾಗುವುದು. ಬ್ಲಾಂಕನಂತಹ ನಿಜವಾದ ಮನುಷ್ಯರ ಸಾಕ್ಷ್ಯವೂ ಸಂದೇಹಕ್ಕೆ ಗುರಿಯಾಗುವುದು. ಆದುದರಿಂದ ರೂಪ, ಲೇಪ, ಲೇಖ್ಯ ಈ ಮೂರೂ ಕೂಡಿದಲ್ಲಿ ನಿರ್ಣಯಿಸಬೇಕು. ಕಲ್ಲಿನ ಕಪ್ಪೊಂದೇ ಇರುವಲ್ಲಿ ಸುಮ್ಮನಿರಬೇಕು ಎಂಬುದೇ ಸಿದ್ಧಾಂತ.