ಯಾವ ಎಲೆ ಕೀಳಬೇಕು?

ಮಾವಿನ ಮರಕ್ಕೆ ಏನು ಕಡಿಮೆಯಾಗಿದೆ ಎಂದು ತಿಳಿಯಲು ಬೆಳೆಗಾರನಿಗೆ ಬಹುಕಾಲ ಇದ್ದದ್ದು ಕಣ್ಣೊಂದೇ. ಎಲೆ ಸಣ್ಣದಾಗಿ ಒತ್ತೊತ್ತಾಗಿ ಬಂದರೆ ಸತುವಿನ ಕೊರತೆ, ಅಂಚು ಸುಟ್ಟರೆ ಪೊಟ್ಯಾಷ್ ಸಾಲದು. ಆದರೆ ಉಪ್ಪು ನೀರಿನ ಕ್ಲೋರೈಡ್ ಕೂಡ ಅಂಚನ್ನು ಸುಡುತ್ತದೆ. ಮೇಲಾಗಿ, ಲಕ್ಷಣ ಕಣ್ಣಿಗೆ ಬೀಳುವ ಹೊತ್ತಿಗೆ ಇಳುವರಿ ಆಗಲೇ ಏಟು ತಿಂದಿರುತ್ತದೆ.

ಮಣ್ಣು ಪರೀಕ್ಷೆಯಿಂದಲೂ ಪೂರ್ತಿ ಉತ್ತರ ಸಿಗಲಿಲ್ಲ. 2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡು 12 ಅಂಶಗಳನ್ನು ಅಳೆಯುತ್ತದೆ, ನಿಜ. ಆದರೆ ಅದಕ್ಕೆ ಸಾಮಾನ್ಯವಾಗಿ ತೆಗೆಯುವುದು ಮೇಲಿನ 15 ಸೆಂ.ಮೀ. ಮಣ್ಣು. ರಾಗಿಗೆ ಅಷ್ಟು ಸಾಕು. ಮಾವಿನ ಬೇರು ಅದಕ್ಕಿಂತ ಬಹಳ ಕೆಳಗೂ ಮೇಯುತ್ತದೆ, ಮರ ಕಾಂಡ ಕೊಂಬೆಗಳಲ್ಲಿ ದಾಸ್ತಾನೂ ಇಡುತ್ತದೆ.

ಎಲೆಯನ್ನೇ ಕೇಳೋಣ ಎಂಬ ದಾರಿಯನ್ನು 1920ರ ದಶಕದಲ್ಲಿ ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಲಗಾತು ಮತ್ತು ಮೋಮ್ ದ್ರಾಕ್ಷಿ ತೋಟಗಳಲ್ಲಿ ತೋರಿಸಿದರು. ಮಾವಿಗೆ ಫ್ಲೋರಿಡಾದಲ್ಲಿ ಯಂಗ್ ಮತ್ತು ಕೂ 1970ರ ಆಸುಪಾಸಿನಲ್ಲಿ ಅಳತೆ ಕಟ್ಟಿಕೊಟ್ಟರು: ಎಲೆಯಲ್ಲಿ ಸಾರಜನಕ ಸುಮಾರು ಶೇ 1ರಿಂದ 1.5.

ಯಾವ ಎಲೆಯಲ್ಲಿ? ನನ್ನ ಪ್ರಕಾರ ಈ ಕ್ಷೇತ್ರದ ಅರ್ಧ ಚರಿತ್ರೆ ಇದೊಂದೇ ಪ್ರಶ್ನೆ. ಮಾವು ಒಂದೇ ಸಲ ಚಿಗುರುವುದಿಲ್ಲ. ಒಂದೇ ಮರದಲ್ಲಿ ಒಂದು ಕಡೆ ತಾಮ್ರವರ್ಣದ ಎಳೆ ಚಿಗುರು, ಪಕ್ಕದ ಕೊಂಬೆಯಲ್ಲಿ ಹೋದ ವರ್ಷದ ಒರಟು ಎಲೆ. ವಯಸ್ಸಾದಂತೆ ಸಾರಜನಕ, ರಂಜಕ, ಪೊಟ್ಯಾಷ್ ಇಳಿಯುತ್ತವೆ, ಕ್ಯಾಲ್ಸಿಯಂ ಏರುತ್ತದೆ. ಅದಕ್ಕೇ ನಮ್ಮಲ್ಲಿ 4ರಿಂದ 7 ತಿಂಗಳ, ರೆಂಬೆಯ ನಡುಭಾಗದ ಎಲೆ ಎಂದು ಗೊತ್ತುಮಾಡಿದರು. ಶಿಲೀಂಧ್ರಕ್ಕೆ ಬೋರ್ಡೋ ದ್ರಾವಣ ಹೊಡೆದ ತೋಟವಾದರೆ ತಾಮ್ರದ ಅಂಕಿಯನ್ನು ನಂಬುವ ಹಾಗಿಲ್ಲ. ಎಲೆ ತೊಳೆದರೂ ಅದು ಪೂರ್ತಿ ಹೋಗುವುದಿಲ್ಲ.

ವಯಸ್ಸಿನ ಈ ಗೋಜಲಿಗೆ ಬೊಫಿಲ್ಸ್ 1973ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಜಾಣ ಉಪಾಯ ಹೂಡಿದ. ಒಂದೊಂದೇ ಪೋಷಕಾಂಶ ನೋಡಬೇಡಿ, ಅವುಗಳ ಅನುಪಾತ ನೋಡಿ ಎಂದ. ಸಾರಜನಕವೂ ರಂಜಕವೂ ಒಟ್ಟಿಗೆ ಇಳಿದರೆ ಅವುಗಳ ಅನುಪಾತ ಹೆಚ್ಚು ಕದಲುವುದಿಲ್ಲವಲ್ಲ! ‘ಡ್ರಿಸ್’ ಎಂದು ಹೆಸರಾದ ಈ ಪದ್ಧತಿಯನ್ನು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಾವಿಗೂ ಒಗ್ಗಿಸಿದರು. 1992ರಲ್ಲಿ ಪರೆಂಟ್ ಮತ್ತು ದಾಫಿರ್ ಎಲ್ಲ ಪೋಷಕಾಂಶಗಳನ್ನೂ ಒಟ್ಟಿಗೆ ತೂಗುವ ಲೆಕ್ಕ ಸೇರಿಸಿದರು.

ನನಗಿರುವ ತಕರಾರು ಬೇರೆ. ಇಂಥ ಮಾನದಂಡಗಳನ್ನು ಹೆಚ್ಚು ಇಳುವರಿಯ ಮರಗಳಿಂದ ಕಟ್ಟುತ್ತಾರೆ. ಬಾದಾಮಿಯಂಥ ತಳಿ ವರ್ಷ ಬಿಟ್ಟು ವರ್ಷ ಕಾಯಿ ಕಚ್ಚುವಂಥದ್ದು. ಈ ಸಲ ‘ಉತ್ತಮ’ ಎನಿಸಿಕೊಂಡ ಮರ ಮುಂದಿನ ಸಲ ಬರಿದು. ಹಲವು ವರ್ಷದ ಸರಾಸರಿ ಹಿಡಿಯದೆ ಕಟ್ಟಿದ ಮಾನದಂಡವನ್ನು ನಾನಂತೂ ಅನುಮಾನದಿಂದಲೇ ನೋಡುತ್ತೇನೆ.

ಈಗ ಬೆಳಕು ಹಾಯಿಸಿ ಎಲೆಯ ಹಸಿರು ಅಳೆಯುವ ಕೈಮೀಟರು, ಡ್ರೋನು ಎಲ್ಲ ಬಂದಿವೆ. ಹಸಿರಿನಿಂದ ಸಾರಜನಕದ ಸುಳಿವು ಸಿಗುತ್ತದೆ. ಬೋರಾನಿಗೆ ಪ್ರಯೋಗಾಲಯವೇ ಗತಿ. ಅಲ್ಲಿಗೆ ಎಲೆ ಕಳಿಸುವವರು ಯಾರು ಎಂಬುದು ಇನ್ನೊಂದು ಪ್ರಶ್ನೆ. ಎಷ್ಟೋ ತೋಟಗಳ ಫಸಲನ್ನು ಹೂವಿನಲ್ಲೇ ಗುತ್ತಿಗೆದಾರ ಹಿಡಿಯುತ್ತಾನೆ. ಅವನ ಲೆಕ್ಕ ಆ ವರ್ಷದ ಕಾಯಿಗೆ ಮುಗಿಯುತ್ತದೆ. ಎಲೆ ಪರೀಕ್ಷೆಯ ಫಲ ಕೈಗೆ ಬರುವುದು ಅದರಾಚೆಯ ವರ್ಷಗಳಲ್ಲಿ.