ಪ್ರಬಂಧದ ಕಿರಿಯಳತೆ

ಪ್ರಬಂಧವೆಂದರೆ ಚೆನ್ನಾಗಿ ಕಟ್ಟಿದ ರಚನೆಯೆಂಬುದು ಪದದ ಅರ್ಥ. ಅದು ಎಷ್ಟು ಉದ್ದವಿರಬೇಕೆಂಬುದನ್ನು ಆ ಪದ ಹೇಳುವುದಿಲ್ಲ. ಫ್ರಾನ್ಸಿನ ಮಾಂತೇನ್ 1580ರಲ್ಲಿ ತನ್ನ ಬರಹಗಳಿಗೆ 'ಪ್ರಯತ್ನ' ಎಂಬರ್ಥದ ಹೆಸರಿಟ್ಟನು. ಇಂಗ್ಲೆಂಡಿನ ಬೇಕನ್ 1597ರಲ್ಲಿ ಪ್ರಕಟಿಸಿದ ಹತ್ತು ಪ್ರಬಂಧಗಳು ಬಹು ಕಿರಿದಾಗಿದ್ದವು. ಆದುದರಿಂದ ಪ್ರಬಂಧದ ಲಕ್ಷಣವನ್ನು ಗಾತ್ರದಲ್ಲಿ ಅರಸದೆ ಅದರ ನಡೆಯಲ್ಲಿ ಅರಸುವುದು ಯುಕ್ತ.

ಈ ವಿಚಾರಕ್ಕೆ ಜವಳಗೇರಾ, ಮಸ್ಕಿ, ಲಿಂಗಸುಗೂರುಗಳ ಸೀಮೆಯಲ್ಲಿಯೇ ಎರಡು ನಿದರ್ಶನಗಳಿವೆ. ಮೊದಲನೆಯದು 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಪ್ರಾಕೃತ ಶಾಸನ. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರು ದೊರೆತದ್ದರಿಂದ ಅದು ಪ್ರಸಿದ್ಧವಾಯಿತು. ಆ ಕೆಲವೇ ಸಾಲುಗಳಲ್ಲಿ ಅರಸನು ಮೊದಲು ತನ್ನ ಸಾಧನೆಯನ್ನು ಹೇಳಿ, ಧರ್ಮನಿರತನಾದ ಕಿರಿಯನೂ ಆ ಫಲವನ್ನು ಪಡೆಯಬಲ್ಲನೆಂದು ನಿರ್ಣಯಿಸುತ್ತಾನೆ. ಅನುಭವವು ಆಧಾರವಾಗಿ, ಅದರಿಂದ ಅಭಿಪ್ರಾಯ ಹೊಮ್ಮಿದುದರಿಂದ ಅದು ಬರಿಯ ರಾಜಾಜ್ಞೆಯಾಗಿ ಉಳಿಯುವುದಿಲ್ಲ.

ಎರಡನೆಯದು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ಪ್ರತೀತಿಯುಳ್ಳ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ವಚನಗಳು. ಕಲ್ಯಾಣದಲ್ಲಿ ಮಾರಯ್ಯನು ಒಂದು ದಿನ ಅಗತ್ಯಕ್ಕೆ ಮೀರಿದ ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು. ಆ ಸಂದರ್ಭದ ಕಿರುವಚನವು ಮೊದಲು ಪ್ರಶ್ನೆಯನ್ನೆತ್ತಿ, ಆಸೆ ಯಾರಿಗೆ ಸಲ್ಲುವುದು, ಯಾರಿಗೆ ಸಲ್ಲದು ಎಂದು ವಿವೇಚಿಸಿ, ಕರ್ತವ್ಯವನ್ನು ತಿಳಿಸಿ ಮುಗಿಯುತ್ತದೆ. ಒಂದು ಹಿಡಿ ಅಕ್ಕಿಯ ನೆಪದಲ್ಲಿ ಕಾಯಕದ ತತ್ತ್ವವೇ ಅಲ್ಲಿ ಪರೀಕ್ಷೆಗೆ ಒಳಗಾಗಿದೆ.

ಗಾದೆಯು ನಿರ್ಣಯವನ್ನು ಮಾತ್ರ ಕೊಡುತ್ತದೆ. ಸೂತ್ರವು ಭಾಷ್ಯವನ್ನು ಬೇಡುತ್ತದೆ. ನಿರ್ಣಯಕ್ಕೆ ಬಂದ ದಾರಿಯನ್ನೂ ತೋರಿಸುವುದು ಪ್ರಬಂಧದ ಧರ್ಮ. ಪ್ರಶ್ನೆ, ಪರೀಕ್ಷೆ, ನಿಲುವು ಈ ಮೂರು ಕೂಡಿದಲ್ಲಿ ಪ್ರಬಂಧದ ಜೀವವಿದೆ. ಒಂದು ಕೊರತೆಯಾದರೂ ನೂರು ಪುಟಗಳು ಅದನ್ನು ತುಂಬಲಾರವು.

ಹಾಗೆಂದು ವಚನವನ್ನು ಪ್ರಬಂಧವೆಂದೇ ಕರೆಯುವುದು ಸಲ್ಲದು. ಪ್ರಬಂಧಕಾರನು ತನ್ನ ನಿಲುವನ್ನು ಓದುಗನ ಮುಂದಿಡುತ್ತಾನೆ. ಶರಣರು ಅಂಕಿತದ ಮೂಲಕ ಅದನ್ನು ಇಷ್ಟದೈವಕ್ಕೆ ಅರ್ಪಿಸುತ್ತಾರೆ. ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿ ವಚನಗಳನ್ನು ವಿಷಯಾನುಸಾರ ಜೋಡಿಸಿದಾಗ, ಅವು ಒಂದು ಶಾಸ್ತ್ರದ ಅಂಗಗಳಾಗಿ ಕಂಡವು. ಆದರೂ ಪ್ರತಿಯೊಂದು ವಚನವೂ ತನ್ನಷ್ಟಕ್ಕೆ ಪೂರ್ಣವಾಗಿಯೇ ಉಳಿಯಿತು.

ಸಾಹಿತ್ಯದ ವಿದ್ಯಾರ್ಥಿಯು ಇದರಿಂದ ಕಲಿಯಬೇಕಾದುದು ಸ್ಪಷ್ಟ. ಪ್ರಬಂಧವನ್ನು ಎಷ್ಟು ಕಿರಿದಾಗಿಸಬಹುದೆಂದರೆ, ವಿಚಾರವು ನಡೆದು ಬಂದ ಹೆಜ್ಜೆ ಅಳಿಯದಷ್ಟು. ಅಲ್ಲಿಂದ ಮುಂದೆ ಬೆಳೆಸಿದ ಮಾತು, ಲಕ್ಕಮ್ಮ ಮರಳಿಸಿದ ಅಕ್ಕಿಯಂತೆ, ಅಗತ್ಯಕ್ಕೆ ಮೀರಿದುದು.